ನೂರ ನಲವತ್ತರಲ್ಲಿ ಒಂದು

ಪ್ರಶ್ನೆ: ನನಗೆ 37 ವರ್ಷ. ಎರಡು ವರ್ಷದ ಹಿಂದೆ ಒಂಬತ್ತನೇ ವಾರದಲ್ಲಿ ಗರ್ಭ ನಿಲ್ಲಲಿಲ್ಲ. ಈಗ ಮತ್ತೆ ಗರ್ಭಿಣಿ, ಹದಿನಾಲ್ಕು ವಾರ ತುಂಬಿದೆ. ಎನ್‌ಟಿ ಸ್ಕ್ಯಾನ್ (ಮಗುವಿನ ಕತ್ತಿನ ಹಿಂಭಾಗ ನೋಡುವ ಸ್ಕ್ಯಾನ್) ಮತ್ತು ಡಬಲ್ ಮಾರ್ಕರ್ ರಕ್ತಪರೀಕ್ಷೆ ಸೇರಿಸಿ ಕೊಟ್ಟ ವರದಿಯಲ್ಲಿ ಡೌನ್ ಸಿಂಡ್ರೋಮ್‌ಗೆ ‘1:140, ಹೈ ರಿಸ್ಕ್’ ಎಂದು ಬಂದಿದೆ. ಎನ್‌ಐಪಿಟಿ (ತಾಯಿಯ ರಕ್ತದಿಂದ ಮಾಡುವ ಪರೀಕ್ಷೆ) ಅಥವಾ ಆಮ್ನಿಯೋಸೆಂಟೆಸಿಸ್ (ಹೊಟ್ಟೆಗೆ ಸೂಜಿ ಹಾಕಿ ಗರ್ಭದ ನೀರು ತೆಗೆದು ಮಾಡುವ ಪರೀಕ್ಷೆ) ಮಾಡಿಸುವ ಬಗ್ಗೆ ಯೋಚಿಸಿ ಎಂದು ಡಾಕ್ಟರು ಹೇಳಿದ್ದಾರೆ. ಯಜಮಾನರು ‘ನಿನ್ನಿಷ್ಟ’ ಎಂದು ಸುಮ್ಮನಾಗಿದ್ದಾರೆ. ಅತ್ತೆ, ‘ನಮ್ಮ ವಂಶದಲ್ಲಿ ಯಾರಿಗೂ ಹಾಗಿಲ್ಲ, ಹೊಟ್ಟೆಗೆ ಸೂಜಿ ಚುಚ್ಚಿಸಿಕೊಂಡು ಇದನ್ನೂ ಕಳೆದುಕೊಳ್ಳಬೇಡ’ ಎನ್ನುತ್ತಾರೆ. ವರದಿಯನ್ನು ಬೀರುವಿನಲ್ಲಿ ಸೀರೆಯ ಕೆಳಗೆ ಇಟ್ಟಿದ್ದೇನೆ. ದಿನಕ್ಕೆರಡು ಸಲ ತೆಗೆದು ನೋಡುತ್ತೇನೆ. ಪರೀಕ್ಷೆ ಮಾಡಿಸದಿದ್ದರೆ ಏನಾದರೂ ದೇವರಿಚ್ಛೆ ಎನ್ನಬಹುದು, ಮಾಡಿಸಿದರೆ ಮುಂದಿನದೆಲ್ಲ ನನ್ನ ತಲೆಗೇ ಬರುತ್ತದೆ. ಏನು ಮಾಡಲಿ?
– ಹೆಸರು ಬೇಡ, ಶಿವಮೊಗ್ಗ ಜಿಲ್ಲೆ

ಉತ್ತರ: ಮೊದಲು ಆ ಸೀರೆಯ ಕೆಳಗಿನ ಕಾಗದವನ್ನು ಹೊರಗೆ ತೆಗೆದು ಇಬ್ಬರೂ ಕೂತು ಓದಿ. ನಿಮ್ಮಂತಹದ್ದೇ ವರದಿ ಬಂದ 140 ಗರ್ಭಿಣಿಯರನ್ನು ಒಂದು ಕಡೆ ಕೂರಿಸಿದರೆ ಅವರಲ್ಲಿ 139 ಮಂದಿಯ ಮಗುವಿಗೆ ಡೌನ್ ಸಿಂಡ್ರೋಮ್ ಇರುವುದಿಲ್ಲ ಎಂಬುದೇ ಆ ಸಂಖ್ಯೆಯ ಅರ್ಥ. ಅನೇಕ ಪ್ರಯೋಗಾಲಯಗಳು 250ರಲ್ಲಿ ಒಂದು ಎಂಬಲ್ಲಿ ಗೆರೆ ಎಳೆದುಕೊಂಡಿರುತ್ತವೆ. ನಿಮಗೆ 1:260 ಬಂದಿದ್ದರೆ ಅದೇ ಕಾಗದದಲ್ಲಿ ‘ಲೋ ರಿಸ್ಕ್’ ಎಂದು ಅಚ್ಚಾಗಿರುತ್ತಿತ್ತು, ನೀವು ಅದನ್ನು ಫೈಲಿಗೆ ಸೇರಿಸಿ ಮರೆತುಬಿಡುತ್ತಿದ್ದಿರಿ. ಇದು ಜರಡಿ ಹಿಡಿಯುವ ಪರೀಕ್ಷೆಯೇ ಹೊರತು ರೋಗನಿರ್ಣಯ ಅಲ್ಲ. ಜರಡಿಯಲ್ಲಿ ಉಳಿದದ್ದೆಲ್ಲ ಕಲ್ಲಾಗಿರುವುದಿಲ್ಲ.

ನಿಮ್ಮ ಅತ್ತೆಯವರ ಮಾತಿನಲ್ಲಿ ಎರಡು ಸಂಗತಿಗಳಿವೆ, ಅವನ್ನು ಬೇರೆ ಬೇರೆ ಮಾಡಿ ನೋಡಬೇಕು. ವಂಶದಲ್ಲಿ ಯಾರಿಗೂ ಇಲ್ಲ ಎಂಬುದು ನಿಜವಿರಬಹುದು, ಆದರೆ ಅದರಿಂದ ಸಿಗುವ ಭರವಸೆ ಅಲ್ಪ. ಡೌನ್ ಸಿಂಡ್ರೋಮ್ ಇರುವವರಲ್ಲಿ ಶೇಕಡ 95ರಷ್ಟು ಮಂದಿಗೆ ಅದು ಪಿತ್ರಾರ್ಜಿತವಾಗಿ ಬಂದದ್ದಲ್ಲ. ಅಂಡಾಣು ಅಥವಾ ವೀರ್ಯಾಣು ರೂಪುಗೊಳ್ಳುವಾಗ 21ನೇ ಕ್ರೋಮೋಸೋಮಿನ ಜೋಡಿ ಬೇರ್ಪಡದೆ ಉಳಿದು, ಮಗುವಿಗೆ ಎರಡರ ಬದಲು ಮೂರು ಪ್ರತಿಗಳು ಸೇರಿಬಿಡುತ್ತವೆ. ತಾಯಿಯ ವಯಸ್ಸು ಹೆಚ್ಚಿದಂತೆ ಈ ಸಾಧ್ಯತೆಯೂ ಹೆಚ್ಚುತ್ತದೆ: 25ನೇ ವಯಸ್ಸಿನಲ್ಲಿ ಸುಮಾರು 1250ರಲ್ಲಿ ಒಂದು, 40ನೇ ವಯಸ್ಸಿನಲ್ಲಿ ಸುಮಾರು 100ರಲ್ಲಿ ಒಂದು. ಹಾಗಾಗಿ ಇದು ನಿಮ್ಮ ತವರಿನ ಕಡೆಯದೋ ಅವರ ಮನೆಯ ಕಡೆಯದೋ ಎಂಬ ಲೆಕ್ಕಾಚಾರಕ್ಕೆ ಹೆಚ್ಚು ಬೆಲೆಯಿಲ್ಲ. ಪ್ರಸಂಗವಶಾತ್ ಇನ್ನೊಂದು ಮಾತು: ಮೊದಲ ಮೂರು ತಿಂಗಳೊಳಗೆ ಆಗುವ ಗರ್ಭಪಾತಗಳಲ್ಲಿ ಸರಿಸುಮಾರು ಅರ್ಧದಷ್ಟಕ್ಕೆ ಕ್ರೋಮೋಸೋಮುಗಳ ಇಂತಹ ಏರುಪೇರೇ ಕಾರಣ. ಎರಡು ವರ್ಷದ ಹಿಂದೆ ಕೊಡ ಎತ್ತಿದೆನೇನೋ, ಬಸ್ಸಿನಲ್ಲಿ ಹೋದೆನೇನೋ ಎಂದು ಈಗಲೂ ನಿಮ್ಮನ್ನು ನೀವು ಹಳಿದುಕೊಳ್ಳುತ್ತಿದ್ದರೆ ದಯವಿಟ್ಟು ಬಿಟ್ಟುಬಿಡಿ.

ಅತ್ತೆಯವರ ಎರಡನೆಯ ಮಾತು, ಅಂದರೆ ಸೂಜಿಯ ಭಯ, ಮೂಢನಂಬಿಕೆಯಲ್ಲ. ಆಮ್ನಿಯೋಸೆಂಟೆಸಿಸ್‌ನಿಂದ ಗರ್ಭಪಾತವಾಗುವ ಸಾಧ್ಯತೆ ಇದ್ದೇ ಇದೆ. ಅನುಭವಿ ತಜ್ಞರ ಕೈಯಲ್ಲಿ ಅದು 200ರಲ್ಲಿ ಒಂದಕ್ಕಿಂತ ಕಡಿಮೆ. ಹದಿನೈದು ವಾರ ತುಂಬಿದ ಮೇಲೆ ಇದನ್ನು ಮಾಡುತ್ತಾರೆ. ನೀವು ಸ್ಕ್ಯಾನಿಂಗ್ ಹಾಸಿಗೆಯ ಮೇಲೆ ಮಲಗಿರುತ್ತೀರಿ, ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ ಇರುತ್ತದೆ, ಡಾಕ್ಟರು ಪರದೆಯ ಮೇಲೆ ಮಗು ಎಲ್ಲಿದೆಯೆಂದು ನೋಡುತ್ತಲೇ ತೆಳುವಾದ ಸೂಜಿಯನ್ನು ಒಳಗೆ ಬಿಟ್ಟು ಮಗುವಿನ ಸುತ್ತಲಿನ ನೀರನ್ನು ಹದಿನೈದಿಪ್ಪತ್ತು ಮಿಲಿಲೀಟರಿನಷ್ಟು ತೆಗೆಯುತ್ತಾರೆ. ಸಿರಿಂಜಿನಲ್ಲಿ ಕಾಣುವ ಆ ತಿಳಿ ಹಳದಿ ನೀರಿನಲ್ಲಿ ಮಗುವಿನ ಜೀವಕೋಶಗಳಿರುತ್ತವೆ. ಸೂಜಿ ಒಳಗಿರುವುದು ಕೆಲವೇ ನಿಮಿಷ. ಮುಟ್ಟಿನ ಹೊಟ್ಟೆನೋವಿನಂತಹ ಸೆಳೆತ ಅನ್ನಿಸಬಹುದು. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಮೊದಲೇ ತಿಳಿಸಿ, ಆಂಟಿ-ಡಿ ಇಂಜೆಕ್ಷನ್ ಬೇಕಾಗಬಹುದು. ನೀವು ಇದಕ್ಕಾಗಿ ಮಣಿಪಾಲಕ್ಕೆ ಹೋಗುವವರಾದರೆ ಅದೇ ದಿನ ಆಗುಂಬೆ ಘಾಟಿ ಹತ್ತಿ ಮರಳುವ ಆತುರ ಬೇಡ, ಒಂದು ರಾತ್ರಿ ಅಲ್ಲೇ ಉಳಿಯುವ ಏರ್ಪಾಡು ಮಾಡಿಕೊಳ್ಳಿ.

ಎನ್‌ಐಪಿಟಿಯಲ್ಲಿ ಸೂಜಿ ನಿಮ್ಮ ತೋಳಿಗೆ ಮಾತ್ರ. ಜರಾಯುವಿನಿಂದ ನಿಮ್ಮ ರಕ್ತಕ್ಕೆ ಸೇರುವ ಡಿಎನ್‌ಎ ತುಣುಕುಗಳನ್ನು ಎಣಿಸುವ ಈ ಪರೀಕ್ಷೆ ಡೌನ್ ಸಿಂಡ್ರೋಮ್ ಇರುವ ಗರ್ಭಗಳಲ್ಲಿ ಶೇಕಡ 99ರಷ್ಟನ್ನು ಗುರುತಿಸುತ್ತದೆ. ಇದು ದುಬಾರಿ. ಜರಾಯುವಿನ ಜೀವಕೋಶಗಳೂ ಮಗುವಿನ ಜೀವಕೋಶಗಳೂ ಯಾವಾಗಲೂ ಒಂದೇ ರೀತಿ ಇರುವುದಿಲ್ಲವಾದ್ದರಿಂದ ಇದೂ ಜರಡಿಯೇ, ಸ್ವಲ್ಪ ಸಣ್ಣ ಕಣ್ಣಿನ ಜರಡಿ. ಇದರಲ್ಲಿ ‘ಹೈ ರಿಸ್ಕ್’ ಬಂದರೆ ಆಮ್ನಿಯೋಸೆಂಟೆಸಿಸ್ ಇಲ್ಲದೆ ಯಾವ ತೀರ್ಮಾನಕ್ಕೂ ಬರಬಾರದು.

140ರಲ್ಲಿ ಒಂದು ದೊಡ್ಡದೋ 200ರಲ್ಲಿ ಒಂದು ದೊಡ್ಡದೋ ಎಂದು ತೂಗಿ ನೋಡಿದರೆ ಉತ್ತರ ಸಿಗುತ್ತದೆ ಎಂದು ಕೆಲವರು ಹೇಳುತ್ತಾರೆ. ನನಗೆ ಹಾಗೆನ್ನಿಸುವುದಿಲ್ಲ. ಒಂದು ಸಲ ಗರ್ಭ ಕಳೆದುಕೊಂಡ ನಿಮಗೆ ಆ 200ರಲ್ಲಿ ಒಂದು ಹೆಚ್ಚು ಭಾರ; ಗೊತ್ತಿಲ್ಲದೆ ಆರು ತಿಂಗಳು ನಿದ್ದೆಗೆಡುವವರಿಗೆ 140ರಲ್ಲಿ ಒಂದು ಹೆಚ್ಚು ಭಾರ. ಪತ್ರದ ಕೊನೆಯಲ್ಲಿ ನೀವು ಬರೆದ ಸಾಲನ್ನು ನಾನು ಹಲವು ಬಾರಿ ಓದಿದೆ. ನಿಮ್ಮನ್ನು ಹೆದರಿಸುತ್ತಿರುವುದು ತಿಳಿದ ಮೇಲೆ ತಲೆಗೆ ಬರುವ ಹೊಣೆ ಎಂದು ನನಗೆ ತೋರುತ್ತದೆ. ಆದರೆ ನೋಡಿ, ವರದಿ ನಿಮ್ಮ ಕೈಗೆ ಬಂದಾಗಿದೆ. ಪರೀಕ್ಷೆ ಬೇಡವೆನ್ನುವುದೂ ಈಗ ನೀವು ಮಾಡುವ ಆಯ್ಕೆಯೇ. ಅದು ತಪ್ಪೇನಲ್ಲ. ಏನೇ ಇದ್ದರೂ ಈ ಮಗುವನ್ನು ಹೆರುತ್ತೇನೆ, ಮೊದಲೇ ತಿಳಿಯುವ ಅಗತ್ಯ ನನಗಿಲ್ಲ ಎಂದು ಯೋಚಿಸಿ ಹೇಳುವವರಿದ್ದಾರೆ. ಹೆರುತ್ತೇನೆ, ಆದರೆ ತಯಾರಾಗಿ ಹೆರುತ್ತೇನೆ ಎಂದು ಪರೀಕ್ಷೆ ಮಾಡಿಸುವವರೂ ಇದ್ದಾರೆ, ಮತ್ತು ಇದನ್ನು ಜನ ಮರೆಯುತ್ತಾರೆ: ಈ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯದ ತೊಂದರೆ ಇರುವುದರಿಂದ, ಮೊದಲೇ ಗೊತ್ತಿದ್ದರೆ ಮಗುವಿನ ಹೃದಯದ ಸ್ಕ್ಯಾನ್ ಮಾಡಿಸಿ ಹೆರಿಗೆಯ ಊರನ್ನೇ ಬದಲಾಯಿಸಿಕೊಳ್ಳಬಹುದು. ಗರ್ಭ ಮುಂದುವರಿಸಲಾರೆ ಎನ್ನುವವರೂ ಇದ್ದಾರೆ; ಅವರನ್ನು ಕಲ್ಲು ಮನಸ್ಸಿನವರೆಂದು ನಾನು ಎಂದೂ ಎಣಿಸಿಲ್ಲ. ನೀವು ಯಾವ ಸಾಲಿನಲ್ಲಿ ನಿಲ್ಲುತ್ತೀರಿ ಎಂಬುದು ತಿಳಿದರೆ ಪರೀಕ್ಷೆಯ ಪ್ರಶ್ನೆ ಬಹುಮಟ್ಟಿಗೆ ತಾನೇ ಬಿಡಿಸಿಕೊಳ್ಳುತ್ತದೆ.

ಅದನ್ನು ತಿಳಿಯಲು ಮೊಬೈಲಿನಲ್ಲಿ ಹುಡುಕುವುದಕ್ಕಿಂತ, ಡೌನ್ ಸಿಂಡ್ರೋಮ್ ಇರುವ ಮಗುವನ್ನು ಬೆಳೆಸುತ್ತಿರುವ ಒಂದು ಮನೆಗೆ ಹೋಗಿ ಅರ್ಧ ದಿನ ಕೂತು ಬನ್ನಿ. ನಿಮ್ಮ ಊರಿನ ಮಕ್ಕಳ ತಜ್ಞರು ಅಂತಹ ತಂದೆತಾಯಿಯರನ್ನು ಕೇಳಿ ಪರಿಚಯ ಮಾಡಿಸಬಲ್ಲರು. ಮಾತು ಮತ್ತು ಕಲಿಕೆ ನಿಧಾನವಾಗುವುದು, ಥೈರಾಯ್ಡ್ ತಪಾಸಣೆಯ ಓಡಾಟ, ನಮ್ಮ ನಂತರ ಯಾರು ಎಂಬ ಚಿಂತೆ ಎಲ್ಲವನ್ನೂ ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ, ಆ ಮಗುವಿನ ತುಂಟತನವನ್ನೂ ನೀವೇ ನೋಡುತ್ತೀರಿ. 13 ಮತ್ತು 18ನೇ ಕ್ರೋಮೋಸೋಮಿನ ಟ್ರೈಸೋಮಿಗಳು, ಅಂದರೆ ಆ ಕ್ರೋಮೋಸೋಮಿನ ಮೂರು ಪ್ರತಿಗಳಿರುವ ಸ್ಥಿತಿಗಳು, ಇದಕ್ಕಿಂತ ಬಹಳ ತೀವ್ರವಾದವು. ನಿಮ್ಮ ವರದಿಯಲ್ಲಿ ಅವುಗಳ ಸಂಖ್ಯೆ ಪ್ರತ್ಯೇಕವಾಗಿರುತ್ತದೆ, ಕೇಳಿ ತಿಳಿದುಕೊಳ್ಳಿ.

ಈಗ ಕ್ಯಾಲೆಂಡರ್. ಕೊನೆಯ ಮುಟ್ಟಿನಿಂದ ಎಣಿಸಿ 20 ವಾರದವರೆಗೆ ಗರ್ಭಪಾತಕ್ಕೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು, ಭ್ರೂಣದ ತೊಂದರೆಯಂತಹ ನಿಗದಿತ ಕಾರಣಗಳಿಗೆ 20ರಿಂದ 24 ವಾರದವರೆಗೆ ಇಬ್ಬರದು ಬೇಕು, ಆಮೇಲೆ ಗಂಭೀರ ತೊಂದರೆ ಇದ್ದರೆ ಮಾತ್ರ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು ಎಂದು ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿ ಹೇಳುತ್ತದೆ. ಆಮ್ನಿಯೋಸೆಂಟೆಸಿಸ್‌ನ ಪ್ರಾಥಮಿಕ ಫಲಿತಾಂಶ ಕೆಲವು ದಿನಗಳಲ್ಲಿ ಬಂದರೂ ಪೂರ್ಣ ವರದಿಗೆ ಎರಡು ಮೂರು ವಾರ ಹಿಡಿಯುತ್ತದೆ. ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ತಿಳಿಯಬೇಕು ಎಂದು ನಿಮಗನ್ನಿಸಿದರೆ ಈ ವಾರವೇ ಎನ್‌ಐಪಿಟಿಗೆ ರಕ್ತ ಕೊಡಿ, ಹೇಗೂ ಆಮ್ನಿಯೋಸೆಂಟೆಸಿಸ್‌ಗೆ ಕಾಯಲೇಬೇಕಾದ ದಿನಗಳಲ್ಲೇ ಅದರ ಫಲಿತಾಂಶ ಬರುವ ಸಾಧ್ಯತೆ ಹೆಚ್ಚು, ಒಳ್ಳೆಯದು ಬಂದರೆ ಹೊಟ್ಟೆಯ ಸೂಜಿ ತಪ್ಪುತ್ತದೆ. ಖಚಿತ ಉತ್ತರವೇ ಬೇಕು, ಇನ್ನೊಂದು ಅಂದಾಜು ಬೇಡ ಎನ್ನುವುದಾದರೆ ನೇರವಾಗಿ ಆಮ್ನಿಯೋಸೆಂಟೆಸಿಸ್‌ಗೆ ದಿನ ಗೊತ್ತುಮಾಡಿ. 1994ರ ಪ್ರಸವಪೂರ್ವ ಪರೀಕ್ಷೆಗಳ ಕಾಯ್ದೆಯ ಪ್ರಕಾರ ಈ ಪರೀಕ್ಷೆಗೆ ನಿಮಗೆ ಅರ್ಥವಾಗುವ ಭಾಷೆಯಲ್ಲಿ ನಿಮ್ಮದೇ ಲಿಖಿತ ಒಪ್ಪಿಗೆ ಪಡೆದು ಅದರ ಪ್ರತಿಯನ್ನು ನಿಮಗೆ ಕೊಡಬೇಕು. ಗಂಡೋ ಹೆಣ್ಣೋ ಎಂದು ಮನೆಯವರು ಕೇಳಬಾರದು, ಯಾರೂ ಹೇಳಲೂಬಾರದು.

ಯಜಮಾನರ ‘ನಿನ್ನಿಷ್ಟ’ ಎಂಬ ಮಾತು ಗೌರವದಂತೆ ಕೇಳಿಸಿದರೂ ಹೊಣೆಯನ್ನೆಲ್ಲ ನಿಮ್ಮೊಬ್ಬರ ಹೆಗಲಿಗೆ ಹಾಕಿ ದೂರ ನಿಂತಿದೆ. ಸಹಿ ನಿಮ್ಮದೇ ಆಗಲಿ, ಆದರೆ ಡಾಕ್ಟರ ಮುಂದೆ ಅವರೂ ಕೂತು ಕೇಳಲಿ, ತಮಗೇನನ್ನಿಸುತ್ತದೆ ಎಂದು ಬಾಯಿಬಿಟ್ಟು ಹೇಳಲಿ, ಏನೇ ತೀರ್ಮಾನವಾದರೂ ‘ನಾವಿಬ್ಬರೂ ಸೇರಿ ಮಾಡಿದ್ದು’ ಎಂದು ತಾಯಿಗೆ ಅವರೇ ತಿಳಿಸಲಿ. ಪರೀಕ್ಷೆ ಮಾಡಿಸುವುದಾದರೆ ಇನ್ನೊಂದನ್ನೂ ಮೊದಲೇ ಮಾತಾಡಿಕೊಳ್ಳಿ. ಫಲಿತಾಂಶ ಈಗೀಗ ವಾಟ್ಸಾಪಿಗೇ ಬಂದುಬಿಡುತ್ತದೆ, ನೀವು ಅಡುಗೆಮನೆಯಲ್ಲಿ ಒಬ್ಬರೇ ಇರುವಾಗ. ಆಸ್ಪತ್ರೆಗೆ ಅವರ ನಂಬರ್ ಕೊಟ್ಟು, ಸಂಜೆ ಅವರು ಮನೆಗೆ ಬಂದ ಮೇಲೆ ಇಬ್ಬರೂ ಒಟ್ಟಿಗೆ ತೆರೆದು ನೋಡಿ.