ಟಿವಿಯಲ್ಲಿ ಒಂದೇ ಗಂಟೆಗೆ ಕಾಡಿನ ಮನೆ: ಎಷ್ಟು ನಿಜ?

ಪ್ರಶ್ನೆ: ಅಲಾಸ್ಕಾದ ಕಾಡಿನಲ್ಲಿ ಕರೆಂಟು, ನಲ್ಲಿ ಏನೂ ಇಲ್ಲದೆ ಮನೆ ಕಟ್ಟಿಕೊಂಡು ಬದುಕುವವರ ಶೋಗಳನ್ನು ನಾವಿಬ್ಬರೂ ಬಿಡದೆ ನೋಡುತ್ತೇವೆ. ತೀರ್ಥಹಳ್ಳಿ ಹತ್ತಿರ ಎರಡು ಎಕರೆ ಜಾಗವಿದೆ. ಬೆಂಗಳೂರಿನ ಕೆಲಸ ಬಿಟ್ಟು ಅಲ್ಲಿ ಮಣ್ಣಿನ ಮನೆ ಕಟ್ಟಿ, ಸೋಲಾರ್ ಹಾಕಿಕೊಂಡು ಇರೋಣ ಅಂತ ಆಸೆ. ಆ ಶೋಗಳನ್ನು ಎಷ್ಟು ನಂಬಬಹುದು?

ಉತ್ತರ: ಕೈಕೆಲಸವನ್ನು ನಂಬಿ, ಕ್ಯಾಲೆಂಡರನ್ನು ನಂಬಬೇಡಿ.

ದಿಮ್ಮಿಗೆ ಕಚ್ಚು ಹಾಕಿ ಒಂದರ ಮೇಲೊಂದು ಕೂರಿಸುವುದೆಲ್ಲ ನಿಜವಾದ ಕೆಲಸವೇ. ಮಾಯವಾಗುವುದು ಕಾಯುವಿಕೆ. ಕಾಂಕ್ರೀಟಿನ ಬಲವನ್ನು ಲೆಕ್ಕ ಹಾಕುವುದು 28ನೇ ದಿನಕ್ಕೆ. ಶೋನಲ್ಲಿ ಜಾಹೀರಾತು ಮುಗಿಯುವಷ್ಟರಲ್ಲಿ ಅದರ ಮೇಲೆ ಗೋಡೆ ಎದ್ದಿರುತ್ತದೆ. ಹಸಿ ದಿಮ್ಮಿಯ ಗೋಡೆ ಒಣಗುತ್ತಾ ಕುಗ್ಗುತ್ತದೆ. ಅದಕ್ಕೇ ಬಲ್ಲವರು ಕಿಟಕಿ ಚೌಕಟ್ಟಿನ ಮೇಲೆ ಸಂದು ಬಿಡುತ್ತಾರೆ. ಆ ಸಂದು ಕಂಡರೆ ಬಡಗಿಗೆ ಕೆಲಸ ಗೊತ್ತು ಅಂತ ತಿಳಿಯಿರಿ.

ಮಣ್ಣಿನ ಮನೆಯೂ ಹಾಗೇ. ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆಯ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಕೇಂದ್ರದವರು 1970ರ ದಶಕದಿಂದ ಕೆಲಸ ಮಾಡಿದ್ದಾರೆ. ಈ ಇಟ್ಟಿಗೆಯನ್ನು ಮೂರು ವಾರ ಒದ್ದೆ ಇಡಬೇಕು. ನನ್ನ ಮೊದಲ ಮನೆಯಲ್ಲಿ ಮಳೆ ಬರುತ್ತದೆ ಅಂತ ಅವಸರ ಮಾಡಿ ಹನ್ನೊಂದನೇ ದಿನಕ್ಕೇ ಗೋಡೆಗೆ ಎತ್ತಿಸಿದೆ. ಹೆಬ್ಬೆರಳಲ್ಲಿ ಒತ್ತಿದರೆ ಮೂಲೆ ರವೆಯ ಹಾಗೆ ಉದುರಿತು. ಎರಡು ವರಸೆ ಬಿಚ್ಚಿಸಿ ಮತ್ತೆ ಕಟ್ಟಿದೆವು. ಆ ನಷ್ಟ ಇವತ್ತಿಗೂ ನೆನಪಿದೆ.

ಇನ್ನು ನೀರು. ನನ್ನ ಪ್ರಕಾರ ಇಂಥ ಮನೆ ನಿಲ್ಲುವುದು, ಬೀಳುವುದು ಇಲ್ಲೇ. ಅಲಾಸ್ಕಾದ ಫೇರ್‌ಬ್ಯಾಂಕ್ಸ್ ಸುತ್ತ ನಲ್ಲಿಯೇ ಇಲ್ಲದ ಮನೆಗಳಲ್ಲಿ ಎಷ್ಟೋ ಜನ ಇದ್ದಾರೆ. ‘ಒಣ ಕ್ಯಾಬಿನ್’ ಅಂತಲೇ ಕರೆಯುತ್ತಾರೆ. ನೆಲದಡಿ ಮಣ್ಣು ವರ್ಷವಿಡೀ ಹೆಪ್ಪುಗಟ್ಟಿರುವ ಕಡೆ ಪೈಪು, ಬಾವಿ ಎರಡೂ ಕಷ್ಟ. ಹಾಗಾಗಿ ಊರಿನಿಂದ ನೀರು ತುಂಬಿಸಿಕೊಂಡು ಗಾಡಿಯಲ್ಲಿ ತರುತ್ತಾರೆ. ದಿನಬಿಟ್ಟು ದಿನ ಕ್ಯಾನ್ ಹೊರುವುದನ್ನು ಯಾರು ಒಂದು ಗಂಟೆ ನೋಡುತ್ತಾರೆ ಹೇಳಿ?

ನಿಮ್ಮ ಲೆಕ್ಕ ಹಾಕೋಣ. ಒಬ್ಬರಿಗೆ ದಿನಕ್ಕೆ 55 ಲೀಟರ್ ಅಂದರೆ ಇಬ್ಬರಿಗೆ 110. ಅಪ್ಪ ಅಮ್ಮ ಬಂದರೆ 220. ಡಿಸೆಂಬರಿಂದ ಏಪ್ರಿಲ್‌ವರೆಗೆ 150 ದಿನ ಮಳೆನೀರಲ್ಲೇ ಸಾಗಬೇಕಾದರೆ 33,000 ಲೀಟರ್ ಬೇಕು. ಅದು 13 ಅಡಿ ಉದ್ದ, 13 ಅಡಿ ಅಗಲ, 7 ಅಡಿ ಆಳದ ತೊಟ್ಟಿ. ಒಂದು ಕೋಣೆಯಷ್ಟೇ ಆಯಿತು, ಅಲ್ವಾ? ಮಲೆನಾಡಿನ ಮಳೆಗೆ ಅದು ಸಲೀಸಾಗಿ ತುಂಬುತ್ತದೆ. ಆದರೆ ಅದರ ಖರ್ಚು ಮನೆಯ ಬಜೆಟ್ಟಿನಲ್ಲಿ ಮೊದಲೇ ಇರಬೇಕು. ಒಳ್ಳೆಯ ಬಾವಿ ಇದ್ದರೆ ನಿಮ್ಮ ಪುಣ್ಯ.

ಸೋಲಾರ್ ವಿಷಯದಲ್ಲಿ ಅವರದ್ದು ಚಳಿಗಾಲದ ಕಷ್ಟ. ಡಿಸೆಂಬರ್ ಕೊನೆಯಲ್ಲಿ ಫೇರ್‌ಬ್ಯಾಂಕ್ಸ್‌ನಲ್ಲಿ ಸೂರ್ಯ ಕಾಣುವುದು ನಾಲ್ಕು ಗಂಟೆಗಿಂತ ಕಡಿಮೆ. ಹಾಗಾಗಿ ಜನರೇಟರ್ ಬೇಕೇ ಬೇಕು. ನಿಮಗೆ ಅದೇ ಕಷ್ಟ ಜೂನ್, ಜುಲೈನಲ್ಲಿ ಬರುತ್ತದೆ. ವಾರಗಟ್ಟಲೆ ಮೋಡ. ಏಪ್ರಿಲ್ ಬಿಸಿಲು ನೋಡಿ ಬ್ಯಾಟರಿ ಕೊಳ್ಳಬೇಡಿ. ಫ್ರಿಜ್ ಮತ್ತು ಪಂಪು ಎರಡನ್ನೂ ಅದರ ಮೇಲೆ ಹಾಕುವುದಾದರೆ ಇನ್ನೂ ಹುಷಾರು. ಲೈನು ಹತ್ತಿರ ಇದ್ದರೆ ಕರೆಂಟು ಹಾಕಿಸಿಕೊಳ್ಳಿ, ಅದರಲ್ಲಿ ಸೋಲೇನೂ ಇಲ್ಲ.

‘ನಾಗರಿಕತೆಯಿಂದ ದೂರ’ ಅನ್ನುವ ಮಾತಂತೂ ಜಾಸ್ತಿ ಪರೀಕ್ಷೆಗೆ ನಿಲ್ಲುವುದಿಲ್ಲ. ಕಾಡಿನಲ್ಲಿ ಬದುಕುವ ಒಂದು ಕುಟುಂಬವನ್ನು ತೋರಿಸುವ ‘ಅಲಾಸ್ಕನ್ ಬುಷ್ ಪೀಪಲ್’ ಶೋ 2014ರಲ್ಲಿ ಶುರುವಾಯಿತು. ಅಲಾಸ್ಕಾ ತನ್ನ ನಿವಾಸಿಗಳಿಗೆ ಪ್ರತಿವರ್ಷ ಹಣ ಹಂಚುತ್ತದೆ. ವಾಸದ ಬಗ್ಗೆ ಸುಳ್ಳು ಹೇಳಿ ಆ ಹಣಕ್ಕೆ ಅರ್ಜಿ ಹಾಕಿದ್ದಕ್ಕೆ ಆ ಶೋನ ತಂದೆ, ಮಗ ಇಬ್ಬರಿಗೂ 2016ರಲ್ಲಿ ಶಿಕ್ಷೆಯಾಯಿತು. ನೋಡಲೇಬೇಕು ಅಂದರೆ ಬ್ರಿಟನ್ನಿನ ‘ಗ್ರ್ಯಾಂಡ್ ಡಿಸೈನ್ಸ್’ ನೋಡಿ. 1999ರಿಂದ ಬರುತ್ತಿದೆ. ಕಾಡಿನ ಬದುಕಿನ ಶೋ ಅಲ್ಲ, ಆದರೆ ಮನೆ ಕಟ್ಟುವವರ ದುಡ್ಡು ಮುಗಿಯುವುದನ್ನು, ಕೆಲಸ ವರ್ಷಗಟ್ಟಲೆ ಎಳೆಯುವುದನ್ನು ಮುಚ್ಚಿಡುವುದಿಲ್ಲ.

ಜಾಗ ಕೃಷಿ ಜಮೀನಾಗಿದ್ದರೆ ಮನೆಗೆ ಏನೇನು ಅನುಮತಿ ಬೇಕು ಅಂತ ಪಂಚಾಯಿತಿ, ತಾಲ್ಲೂಕು ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಆಮೇಲೆ ರಾಜೀನಾಮೆ ಬರೆಯುವ ಮುಂಚೆ ಜೂನ್, ಜುಲೈ ಎರಡು ತಿಂಗಳು ಅಲ್ಲೇ ಹತ್ತಿರ ಬಾಡಿಗೆಗೆ ಇದ್ದು ನೋಡಿ. ಜಾಗದಲ್ಲಿ ನೀರು ಎಲ್ಲಿ ನಿಲ್ಲುತ್ತದೆ, ಯಾವ ದಿಕ್ಕಿನಿಂದ ಇರಚಲು ಹೊಡೆಯುತ್ತದೆ ಅಂತ ಬರೆದಿಡಿ. ಆ ಪುಸ್ತಕ ಹಿಡಿದು ಬನ್ನಿ, ಕೂತು ಪ್ಲಾನ್ ಹಾಕೋಣ.