ಜತ್ತದ ಗಾಳಿ ಮತ್ತು ಅನಿಲ ವಿದ್ಯುತ್: ತಮ್ಮ ಪ್ರಶ್ನೆಗೆ ಪ್ರತಿಕ್ರಿಯೆ

ಸಾಂಗ್ಲಿ ಜಿಲ್ಲೆಯ ನಮ್ಮ ಜತ್ತ ತಾಲೂಕಿನಲ್ಲಿ ಇಷ್ಟೊಂದು ಗಾಳಿಯಂತ್ರಗಳಿರುವಾಗ, ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿರುವಂತಹ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವನ್ನು ನಾವೂ ಕಟ್ಟಿಕೊಂಡರೆ ನೈಸರ್ಗಿಕ ಅನಿಲದ ವಿದ್ಯುತ್ತನ್ನು ಏಕೆ ಕೊಳ್ಳಬೇಕು ಎಂದು ತಾವು ಕೇಳಿದ್ದೀರಿ. ಗಾಳಿಯ ವೇಗ ಅರ್ಧಕ್ಕೆ ಇಳಿದರೆ ಅದರ ಶಕ್ತಿಯು ಎಂಟರಲ್ಲಿ ಒಂದು ಪಾಲಿಗೆ ಕುಸಿಯುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಭರದಿಂದ ತಿರುಗುವ ಯಂತ್ರಗಳು, ಅಕ್ಟೋಬರ್ ಚಾಟ್ನಿಯ (ಬಳ್ಳಿ ಸವರುವ ಕೆಲಸದ) ನಂತರ ದ್ರಾಕ್ಷಿ ತೋಟಗಳಿಗೆ ನೀರು ಬೇಕಾದಾಗ ಮಂದವಾಗುತ್ತವೆ. ಕಡಿಮೆ ಬಿದ್ದ ವಿದ್ಯುತ್ತನ್ನು ಬೇರೆ ಮೂಲದಿಂದ ಕೂಡಲೇ ತುಂಬದಿದ್ದರೆ ವಿದ್ಯುತ್ ಜಾಲದ 50 ಹರ್ಟ್ಸ್ ಆವರ್ತನ (ಪ್ರವಾಹವು ಸೆಕೆಂಡಿಗೆ 50 ಬಾರಿ ಆವರ್ತಿಸುವ ದರ) ಕುಗ್ಗುತ್ತದೆ. ತಣ್ಣಗಾದ ಕಲ್ಲಿದ್ದಲು ಘಟಕವು ಉತ್ಪಾದನೆಗೆ ಬರಲು ಹಲವು ಗಂಟೆ ಹಿಡಿಯುತ್ತದೆ. ಆದರೆ ಉಗಿ ಘಟಕವಿಲ್ಲದ ಸರಳ ಅನಿಲ ಟರ್ಬೈನು ಕೆಲವೇ ನಿಮಿಷಗಳಲ್ಲಿ ಸಿದ್ಧವಾಗುತ್ತದೆ.

ಹಾಗೆಂದು ಸಂಘವೇ ಸ್ಥಾವರ ನಡೆಸಬೇಕಾಗಿಲ್ಲ. ದಿನವನ್ನು 15 ನಿಮಿಷಗಳ 96 ಭಾಗಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಬೇಡಿಕೆಯನ್ನೂ ಗಾಳಿಯ ಮುನ್ಸೂಚನೆಯನ್ನೂ ಹಿಂದಿನ ದಿನವೇ ಲೆಕ್ಕ ಹಾಕಿ, ಕೊರತೆಯಷ್ಟನ್ನು ಒಪ್ಪಂದದ ಮೂಲಕ ಖರೀದಿಸುವುದೇ ಅದರ ನಿಜವಾದ ಕೆಲಸ. ಲೆಕ್ಕ ತಪ್ಪಿದರೆ ದಂಡ ತೆರಬೇಕಾಗುತ್ತದೆ. ಪಂಪ್‌ಸೆಟ್ಟುಗಳಿಗೆ ಪಾಳಿ ಹಾಕಿ ಬೇಡಿಕೆಯನ್ನೇ ಸರಿಸುವುದೂ ಅಷ್ಟೇ ಉಪಯುಕ್ತ, ಮತ್ತು ಅಗ್ಗ. ಆಮದು ಅನಿಲದ ಬೆಲೆಯನ್ನು ನೋಡಿದರೆ, ನಮ್ಮ ಭಾಗಕ್ಕೆ ಕೊಯ್ನಾದಂತಹ ಜಲವಿದ್ಯುತ್ತೇ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಆದರೆ ಅಲ್ಲಿ ವಿದ್ಯುತ್ ಉತ್ಪಾದನೆಗಾಗಿ ಪಶ್ಚಿಮಕ್ಕೆ ತಿರುಗಿಸಬಹುದಾದ ನೀರಿಗೆ, ರಾಜ್ಯಗಳ ನಡುವೆ ಕೃಷ್ಣಾ ನದಿ ನೀರನ್ನು ಹಂಚಿದ ಕೃಷ್ಣಾ ನ್ಯಾಯಮಂಡಳಿಯ ಮಿತಿಯಿದೆ.