4ಎಲ್60-ಇ ಗೇರ್‌ಬಾಕ್ಸ್: ಪ್ಲೇಟ್ ಬದಲಿಸುವ ಮೊದಲು ಅದು ಸುಟ್ಟದ್ದೇಕೆ ಎಂದು ಹುಡುಕಿ

ನಮಸ್ಕಾರ. ಹ್ಯೂಸ್ಟನ್‌ನಲ್ಲಿರುವ ನಿಮ್ಮ 2004ರ ಶೆವರ್ಲೆ ಸಿಲ್ವರಾಡೊ ಪಿಕಪ್ (ಅದರಲ್ಲಿರುವುದು 4ಎಲ್60-ಇ ಎಂಬ ನಾಲ್ಕು ಗೇರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್) ಮೊದಲ ಎರಡು ಗೇರ್‌ಗಳಲ್ಲಿ ಚೆನ್ನಾಗಿ ಎಳೆಯುತ್ತದೆ, ರಿವರ್ಸ್ ಕೂಡ ಬೀಳುತ್ತದೆ, ಮೂರನೆಯದಕ್ಕೆ ಬಂದರೆ ಮಾತ್ರ ಇಂಜಿನ್ ಕೂಗುತ್ತದೆಯೇ ಹೊರತು ಗಾಡಿ ವೇಗ ಹಿಡಿಯುವುದಿಲ್ಲ, ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದೆ ಎಂದು ಬರೆದಿದ್ದೀರಿ. ಮನೆಯ ಗ್ಯಾರೇಜಿನಲ್ಲೇ ಒಳಭಾಗ ಬಿಚ್ಚಿ, ಪ್ಲೇಟ್ ಹಾಕಿ, ಮತ್ತೆ ಜೋಡಿಸಬಹುದೇ ಎಂದು ಕೇಳಿದ್ದೀರಿ. ಖಂಡಿತ ಜೋಡಿಸಬಹುದು. ಆದರೆ ಹೊಸ ಪ್ಲೇಟ್ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಕ್ಲಚ್ ಪ್ಲೇಟ್ ತಾನಾಗಿ ಸುಡುವುದು ಅಪರೂಪ. ಅದನ್ನು ಅದುಮಿ ಹಿಡಿಯಬೇಕಾದ ಎಣ್ಣೆಯ ಒತ್ತಡ ಎಲ್ಲೋ ಸೋರಿ ಹೋಗಿರುತ್ತದೆ. ಆ ಸೋರಿಕೆಯನ್ನು ಹಾಗೆಯೇ ಬಿಟ್ಟರೆ ಹೊಸ ಪ್ಲೇಟುಗಳೂ ಬೇಗನೆ ಸುಡುತ್ತವೆ.

ನೀವು ಹೇಳಿದ ಲಕ್ಷಣಗಳು 3-4 ಕ್ಲಚ್ಚಿನವು, ಅಂದರೆ ಮೂರನೆಯ ಮತ್ತು ನಾಲ್ಕನೆಯ ಗೇರ್ ಹಿಡಿಸುವ ಕ್ಲಚ್ಚಿನವು. ಎರಡನೆಯ ಗೇರ್, ನಾಲ್ಕನೆಯದು, ರಿವರ್ಸ್ ಮೂರೂ ಒಟ್ಟಿಗೆ ಹೋಗಿದ್ದರೆ ಸನ್ ಶೆಲ್ (ಸನ್ ಗೇರನ್ನು ತಿರುಗಿಸುವ ಉಕ್ಕಿನ ಚಿಪ್ಪು) ಮುರಿದಿದೆ ಎನ್ನುತ್ತಿದ್ದೆ. ನಿಮ್ಮಲ್ಲಿ ಎರಡನೆಯದೂ ರಿವರ್ಸೂ ಇವೆ, ಹಾಗಾಗಿ ಶೆಲ್ ಸದ್ಯಕ್ಕೆ ಗಟ್ಟಿಯಾಗಿದೆ. ಹಾಗೆಂದು ಹಳೆಯದನ್ನೇ ಮತ್ತೆ ಹಾಕಬೇಡಿ. ಈ ಪೆಟ್ಟಿಗೆಯ ಹೆಸರಾಂತ ದುರ್ಬಲ ಭಾಗವೇ ಅದು. ಹೇಗೂ ಎಲ್ಲವನ್ನೂ ಬಿಚ್ಚುವಾಗ ಹದಗೊಳಿಸಿದ ಉಕ್ಕಿನ ಹೊಸ ಶೆಲ್ ಹಾಕಿಬಿಡಿ.

ಇಳಿಸುವ ಕೆಲಸವನ್ನು ಚುಟುಕಾಗಿ ಹೇಳುತ್ತೇನೆ. ಬ್ಯಾಟರಿಯ ನೆಗೆಟಿವ್ ತಂತಿ ತೆಗೆಯಿರಿ. ಗಾಡಿಯನ್ನು ಜ್ಯಾಕಿನ ಮೇಲೆ ಮಾತ್ರ ನಂಬಿ ನಿಲ್ಲಿಸಬೇಡಿ, ಗಟ್ಟಿ ಸ್ಟ್ಯಾಂಡುಗಳನ್ನು ಇಡಿ. ಟಾರ್ಕ್ ಕನ್ವರ್ಟರ್ (ಇಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಬಿಟ್ಟು ಗೇರ್‌ಬಾಕ್ಸ್ ಒಂದೇ ಸುಮಾರು 65 ಕಿಲೋ ತೂಗುತ್ತದೆ. ಟ್ರಾನ್ಸ್‌ಮಿಷನ್ ಜ್ಯಾಕ್ ಬಾಡಿಗೆಗೆ ತನ್ನಿ, ಎದೆಯ ಮೇಲೆ ಇಳಿಸಿಕೊಳ್ಳುವ ಸಾಹಸ ಬೇಡ.

ಮೇಜಿಗೆ ಬಂದ ಮೇಲೆ ಮೊದಲು ಪ್ಯಾನ್, ಫಿಲ್ಟರ್, ನಂತರ ವಾಲ್ವ್ ಬಾಡಿ, ಅಂದರೆ ಎಣ್ಣೆಯನ್ನು ಬೇಕಾದ ಕ್ಲಚ್ಚಿಗೆ ಹರಿಸುವ ಕವಾಟಗಳ ಅಚ್ಚು. ವಾಲ್ವ್ ಬಾಡಿ ಎತ್ತುವಾಗ ಎಣ್ಣೆಯ ದಾರಿ ಮುಚ್ಚಿ ತೆರೆಯುವ ಸಣ್ಣ ಚೆಕ್ ಬಾಲ್‌ಗಳು ಉರುಳುತ್ತವೆ. ಕೆಲವು ವಾಲ್ವ್ ಬಾಡಿಯಲ್ಲಿ, ಕೆಲವು ಕೇಸಿನ ಕಾಲುವೆಗಳಲ್ಲಿ ಇರುತ್ತವೆ. ಕೈ ಹಾಕುವ ಮೊದಲೇ ಎರಡೂ ಮಗ್ಗುಲಿನ ಚಿತ್ರ ತೆಗೆಯಿರಿ. ಗುಂಡು ಬಡಿದು ಬಡಿದು ವಾಲ್ವ್ ಬಾಡಿಗೂ ಕೇಸಿಗೂ ನಡುವಿನ ಸೆಪರೇಟರ್ ಪ್ಲೇಟಿನ ತೂತು ದೊಡ್ಡದಾಗಿದ್ದರೆ ಪ್ಲೇಟನ್ನು ಬದಲಿಸಬೇಕು. ಆಮೇಲೆ ಪಕ್ಕದ ಸರ್ವೋ (ಡ್ರಮ್ ಸುತ್ತಲಿನ ಬ್ಯಾಂಡ್ ಪಟ್ಟಿಯನ್ನು ಬಿಗಿಯುವ ಪಿಸ್ಟನ್), ಬ್ಯಾಂಡಿನ ಆಂಕರ್ ಪಿನ್, ಮುಂದಿನ ಪಂಪ್. ಪಂಪ್ ಹೊರಬಂದರೆ ರಿವರ್ಸ್ ಡ್ರಮ್ಮೂ ಇನ್‌ಪುಟ್ ಡ್ರಮ್ಮೂ ಒಟ್ಟಿಗೆ ಮುಂದಕ್ಕೆ ಬರುತ್ತವೆ. ಪ್ರತಿ ಥ್ರಸ್ಟ್ ಬೇರಿಂಗ್ ಯಾವ ಮುಖ ಮೇಲಾಗಿ ಕುಳಿತಿತ್ತು ಎಂದು ಗುರುತು ಮಾಡಿಕೊಳ್ಳಿ. ಬಿಚ್ಚಿದ ಸಾಲಿನಲ್ಲೇ ಬಟ್ಟೆಯ ಮೇಲೆ ಹರಡಿಡಿ. ನೂಲು ಬಿಡುವ ಬಟ್ಟೆ, ಕಾಟನ್ ವೇಸ್ಟ್ ಎರಡೂ ಬೇಡ. ಒಂದು ಎಳೆ ಸಾಕು, ಸೊಲೆನಾಯ್ಡಿನ (ವಿದ್ಯುತ್ ಕವಾಟದ) ಜಾಲರಿ ಕಟ್ಟಿಕೊಳ್ಳುತ್ತದೆ.

ಇನ್ನು ಇನ್‌ಪುಟ್ ಡ್ರಮ್. ನಿಮ್ಮ ಸಮಸ್ಯೆ ಇಲ್ಲೇ ಇದೆ, ಇಲ್ಲಿ ಅವಸರ ಮಾಡಬೇಡಿ. 3-4 ಕ್ಲಚ್, ಫಾರ್ವರ್ಡ್ ಕ್ಲಚ್, ಓವರ್‌ರನ್ ಕ್ಲಚ್ ಮೂರೂ ಇದೇ ಡ್ರಮ್ಮಿನೊಳಗೆ ಒಂದರ ಮೇಲೊಂದು ಕುಳಿತಿವೆ. ತಳದ ಸ್ಪ್ರಿಂಗ್ ಗೂಡನ್ನು ಒತ್ತಿ ಹಿಡಿಯುವ ಉಪಕರಣವಿಲ್ಲದೆ ಅದರ ಸ್ನ್ಯಾಪ್ ರಿಂಗ್ ಬಿಚ್ಚಬೇಡಿ, ಸುರಕ್ಷತಾ ಕನ್ನಡಕ ಹಾಕಿಕೊಂಡೇ ಕೆಲಸ ಮಾಡಿ. ಸೋರಿಕೆ ಹುಡುಕಬೇಕಾದ ಜಾಗಗಳು ನಾಲ್ಕು. ಪಿಸ್ಟನ್‌ಗಳ ಸೀಲು ಗಟ್ಟಿಯಾಗಿ ಬಿರುಕು ಬಿಟ್ಟಿದೆಯೇ? ಡ್ರಮ್ಮಿನೊಳಗೆ 3-4 ಕ್ಲಚ್ಚಿನ ಎಣ್ಣೆ ಬಿಡುವ ಚೆಕ್ ಬಾಲ್ ಕ್ಯಾಪ್ಸೂಲ್ ಇದೆ, ಅದರ ಗುಂಡು ಸರಿಯಾಗಿ ಕೂರುತ್ತಿದೆಯೇ? ಶಾಫ್ಟಿನ ಮೇಲಿನ ನಾಲ್ಕು ಟೆಫ್ಲಾನ್ ರಿಂಗುಗಳು ಸವೆದಿವೆಯೇ? ಕೊನೆಯದನ್ನು ಬಹಳ ಜನ ಮರೆಯುತ್ತಾರೆ: ಸರ್ವೋ ಕೂರುವ ಕೇಸಿನ ಕುಳಿಯಲ್ಲಿ ಥರ್ಡ್ ಅಕ್ಯುಮುಲೇಟರಿನ ಚೆಕ್ ಬಾಲ್ ಕ್ಯಾಪ್ಸೂಲ್ ಇದೆ. ಅದು ಸವೆದು ಸೋರಿದರೂ ಸುಡುವುದು ಇದೇ 3-4 ಕ್ಲಚ್ಚು. ಅಲ್ಲಿ ಸ್ವಲ್ಪ ಸಾಲ್ವೆಂಟ್ ಸುರಿದು ನಿಲ್ಲುತ್ತದೆಯೋ ಇಳಿಯುತ್ತದೆಯೋ ನೋಡಿ.

ಹೊಸ ಘರ್ಷಣೆ ಪ್ಲೇಟುಗಳನ್ನು ಕನಿಷ್ಠ ಅರ್ಧ ಗಂಟೆ ಈ ಪೆಟ್ಟಿಗೆಗೇ ಹಾಕುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆಯಲ್ಲಿ (ಎಟಿಎಫ್) ನೆನೆಹಾಕಿ. ಉಕ್ಕಿನ ಪ್ಲೇಟುಗಳಲ್ಲಿ ನೀಲಿ ಕಲೆ ಕಂಡರೆ ಅವನ್ನೂ ಬದಲಿಸಿ. ತುಟಿ ಇರುವ ಸೀಲಿನ ತುಟಿ ಒತ್ತಡ ಬರುವ ಕಡೆಗೆ ಮುಖ ಮಾಡಿರಬೇಕು. ಪಿಸ್ಟನ್ ತಳ್ಳುವಾಗ ಅದು ಮಡಚಿದರೆ ಅಲ್ಲಿಗೇ ಹೊಸ ಸೋರಿಕೆ. ಟೆಫ್ಲಾನ್ ರಿಂಗು ಹಾಕುವಾಗ ಹಿಗ್ಗುತ್ತದೆ, ಅದನ್ನು ಕುಗ್ಗಿಸುವ ಕೊಳವೆ (ಸ್ಲೀವ್) ತೊಡಿಸಿ ಮತ್ತೆ ಅಳತೆಗೆ ತನ್ನಿ. ಭಾಗಗಳನ್ನು ಹಿಡಿದು ನಿಲ್ಲಿಸಲು ಪೆಟ್ರೋಲಿಯಂ ಜೆಲ್ಲಿ ಬಳಸಿ, ಅದು ಬಿಸಿ ಎಣ್ಣೆಯಲ್ಲಿ ಕರಗುತ್ತದೆ. ಚಾಸಿಸ್ ಗ್ರೀಸ್ ಕರಗುವುದಿಲ್ಲ, ದಾರಿ ಮುಚ್ಚುತ್ತದೆ. ಪ್ಲೇಟುಗಳ ನಡುವಿನ ತೆರಪನ್ನು ಫೀಲರ್ ಗೇಜಿನಲ್ಲಿ ಅಳೆದು, ಹೆಚ್ಚು ಕಡಿಮೆ ಇದ್ದರೆ ಬೇರೆ ದಪ್ಪದ ಬ್ಯಾಕಿಂಗ್ ಪ್ಲೇಟ್ ಹಾಕಿ.

ಈಗ ಮುಖ್ಯವಾದ ಪರೀಕ್ಷೆ. ಪಂಪನ್ನು ಬೋರಲು ಇಟ್ಟು, ಅದರ ಮೇಲೆ ಡ್ರಮ್ ಕೂಡಿಸಿ, ಪಂಪಿನ ರಂಧ್ರಗಳ ಮೂಲಕ ಒಣ ಗಾಳಿಯನ್ನು 30ರಿಂದ 40 ಪಿಎಸ್‌ಐ ಒತ್ತಡದಲ್ಲಿ ಬಿಡಿ. ಕ್ಲಚ್ ಧಪ್ ಎಂದು ಗಟ್ಟಿಯಾಗಿ ಹಿಡಿಯಬೇಕು, ಗಾಳಿ ನಿಲ್ಲಿಸಿದರೆ ಬಿಡಬೇಕು. ಸುಯ್ ಎಂಬ ಸದ್ದು ನಿಲ್ಲದೆ ಬಂದರೆ ಮುಂದೆ ಹೋಗದೆ ಮತ್ತೆ ಬಿಚ್ಚಿ. ಕೇಸಿಗೆ ಹಾಕಿದ ಮೇಲೆ ಸೋರಿಕೆ ಗೊತ್ತಾದರೆ ಇಡೀ ಕೆಲಸ ಮೊದಲಿನಿಂದ.

ಪಂಪಿನ ಎರಡು ಹೋಳುಗಳನ್ನು ಸುತ್ತಲೂ ಪಟ್ಟಿ ಬಿಗಿದು ಸರಿಹೊಂದಿಸಿದ ನಂತರವೇ ಬೋಲ್ಟ್ ಬಿಗಿಯಿರಿ. ಪಂಪ್ ಕೂರಿಸಿದ ಮೇಲೆ ಶಾಫ್ಟಿನ ಉದ್ದದ ಆಟ ಡಯಲ್ ಇಂಡಿಕೇಟರಿನಲ್ಲಿ 0.13ರಿಂದ 0.92 ಮಿಲಿಮೀಟರ್ ಒಳಗೆ ಬರಬೇಕು. ವಾಲ್ವ್ ಬಾಡಿಯ ಬೋಲ್ಟುಗಳಿಗೆ 11 ನ್ಯೂಟನ್ ಮೀಟರ್ ಸಾಕು. ಕೈಯ ಅಂದಾಜಿನಲ್ಲಿ ಬಿಗಿದರೆ ಅಲ್ಯೂಮಿನಿಯಂ ಕೇಸಿನ ತಿರುಪಿನ ಮರೆ ಕಿತ್ತುಬರುತ್ತದೆ.

ಸುಟ್ಟ ಪುಡಿ ತುಂಬಿದ ಹಳೆಯ ಕನ್ವರ್ಟರನ್ನು ದಯವಿಟ್ಟು ಮತ್ತೆ ಬಳಸಬೇಡಿ. ಅದನ್ನು ತೊಳೆಯಲು ಮನೆಯಲ್ಲಿ ದಾರಿಯಿಲ್ಲ. ರೇಡಿಯೇಟರಿನ ಎಣ್ಣೆ ಕೂಲರನ್ನೂ ಅದರ ಕೊಳವೆಗಳನ್ನೂ ಹಿಮ್ಮುಖವಾಗಿ ತೊಳೆಯಿರಿ. ಹೊಸ ಕನ್ವರ್ಟರಿಗೆ ಒಂದು ಲೀಟರ್ ಎಣ್ಣೆ ಸುರಿದು, ಗೇರ್‌ಬಾಕ್ಸಿನೊಳಕ್ಕೆ ತಿರುಗಿಸುತ್ತಾ ತಳ್ಳಿ: ಮೂರು ಸಲ ಒಳಗೆ ಇಳಿಯಬೇಕು. ಪೆಟ್ಟಿಗೆಯನ್ನು ಇಂಜಿನ್ನಿಗೆ ಜೋಡಿಸಿದಾಗ ಕನ್ವರ್ಟರ್ ಕೈಯಿಂದ ಸಲೀಸಾಗಿ ತಿರುಗಬೇಕು, ಇಂಜಿನ್ನಿನ ಹಿಂಬದಿಯ ಫ್ಲೆಕ್ಸ್ ಪ್ಲೇಟಿನಿಂದ 3ರಿಂದ 5 ಮಿಲಿಮೀಟರ್ ದೂರ ಇರಬೇಕು. ಅಂತರವಿಲ್ಲದಿದ್ದರೆ ಬೋಲ್ಟಿನಿಂದ ಎಳೆದು ಕೂರಿಸಲು ಹೋಗಬೇಡಿ, ಪಂಪ್ ಒಡೆಯುತ್ತದೆ.

ಎಣ್ಣೆ ಡೆಕ್ಸ್ರಾನ್-6. ಒಣಗಿದ ಪೆಟ್ಟಿಗೆಗೆ ಒಟ್ಟು 11 ಲೀಟರಿನ ಹತ್ತಿರ ಬೇಕಾಗುತ್ತದೆ, ಆದರೆ ಒಮ್ಮೆಗೇ ಸುರಿಯಬೇಡಿ. ಸ್ವಲ್ಪ ಹಾಕಿ, ಇಂಜಿನ್ ಚಾಲೂ ಮಾಡಿ, ಬ್ರೇಕ್ ಒತ್ತಿ ಎಲ್ಲ ಗೇರ್‌ಗಳಿಗೂ ಒಮ್ಮೆ ಹೋಗಿ ಪಾರ್ಕಿಗೆ ಬಂದು, ಇಂಜಿನ್ ಓಡುತ್ತಿರುವಾಗಲೇ ಎಣ್ಣೆಯ ಮಟ್ಟ ತೋರಿಸುವ ಕಡ್ಡಿ ನೋಡುತ್ತಾ ತುಂಬಿಸಿ. ಡ್ರಮ್ ಬಿಚ್ಚಿದಾಗ 3-4 ಪ್ಲೇಟುಗಳ ಮತ್ತು ಸರ್ವೋ ಕುಳಿಯ ಚಿತ್ರಗಳನ್ನು ಇಲ್ಲೇ ಹಾಕಿ. ಪ್ಲೇಟುಗಳು ಒಂದೇ ಸಮ ಸುಟ್ಟಿವೆಯೋ ಒಂದು ತುದಿಯಲ್ಲಿ ಮಾತ್ರವೋ ಎಂದು ಕಂಡರೆ ಮುಂದೆ ಎಲ್ಲಿ ಹುಡುಕಬೇಕು ಎಂದು ಹೇಳುತ್ತೇನೆ.